ಗೋಡೆಯ ಮಾತು

ಪೀಣ್ಯದ ಕಾರ್ಖಾನೆಗಳ ನಡುವೆ, ಹಿಂದೊಮ್ಮೆ ಉಗ್ರಾಣವಾಗಿದ್ದ ಕಟ್ಟಡವೊಂದರಲ್ಲಿ ನಾನು ಕೆಲವು ವರ್ಷ ಪಾಠ ಹೇಳಿದೆ. 18 ಮೀಟರ್ ಉದ್ದದ ಕೊಠಡಿ. ಮೇಲೆ ತಗಡಿನ ಮಾಡು, ಸುತ್ತ ನುಣುಪಾದ ಬರಿಗೋಡೆ. ಕೆಲಸ ಅರಸಿ ವಿಜಯಪುರದ ಕಡೆಯಿಂದ ಬಂದಿದ್ದ ಕುಟುಂಬದ ಹುಡುಗನೊಬ್ಬ ಅಲ್ಲಿ ಓದುತ್ತಿದ್ದ. ಉಕ್ತಲೇಖನ ಬರೆಸಿದರೆ ಅವನ ಪುಟದಲ್ಲಿ ಅರ್ಧದಷ್ಟು ಪದಗಳೇ ಇರುತ್ತಿರಲಿಲ್ಲ. ಅವನನ್ನು ಮಂದಮತಿಯೆಂದು ಬಗೆದೆ. ಒಂದು ದಿನ ತರಗತಿಯ ಎದುರಿಗೇ ಹಾಗೆಂದೂ ಬಿಟ್ಟೆ. ಮುಂದಿನ ಸಾಲಿಗೆ ಕರೆತಂದು ಕೂರಿಸಿದರೂ ತಪ್ಪುಗಳು ಕಡಮೆಯಾಗಲಿಲ್ಲ. ಕಾರಣ ಕೇಳಿದಾಗ ತಲೆ ತಗ್ಗಿಸಿ ಹೇಳಿದ: “ಒಂದೊಂದ್ ಮಾತು ಎರಡೆರಡು ಸಲ ಕೇಳಸ್ತೈತ್ರಿ ಸರ, ಯಾವ್ದು ಬರೀಬೇಕು ತಿಳೀವಲ್ದ್ರಿ.”

ಆ ಸಂಜೆ ಕಾಗದ ಹಿಡಿದು ಕುಳಿತೆ. ಶಬ್ದವು ಬೆಳಕಿನಂತೆ ಕಿರಣಗಳಾಗಿ ನೇರವಾಗಿ ಸಾಗುವುದೆಂದೂ, ನುಣುಪಾದ ಗೋಡೆಯನ್ನು ಮುಟ್ಟಿದ ಕೋನದಲ್ಲಿಯೇ ಮರಳುವುದೆಂದೂ ಭಾವಿಸಿ ಲೆಕ್ಕ ಹಾಕುವ ಶಾಸ್ತ್ರಕ್ಕೆ ಜ್ಯಾಮಿತೀಯ ಧ್ವನಿವಿಜ್ಞಾನವೆಂದು ಹೆಸರು. ಇಂದು ಸಭಾಂಗಣವನ್ನು ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಇಂತಹ ಸಾವಿರಾರು ಕಿರಣಗಳನ್ನು ಹರಿಯಬಿಟ್ಟು ನೋಡುತ್ತಾರೆ. ನನಗೆ ಎರಡೇ ಗೆರೆಗಳು ಸಾಕಾದವು. ನನ್ನ ದನಿ ಹುಡುಗನನ್ನು ನೇರವಾಗಿ ಮುಟ್ಟಲು 4 ಮೀಟರ್; ಹಿಂಗೋಡೆಗೆ ಬಡಿದು ಮರಳಿ ಮುಟ್ಟಲು 32 ಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಆದುದರಿಂದ ಎರಡನೆಯ ದನಿ ತಡವಾಗಿ ಬರುವುದು ಸುಮಾರು 0.08 ಸೆಕೆಂಡು. ಸುಮಾರು 0.05 ಸೆಕೆಂಡಿನೊಳಗೆ ಮರಳಿದ ಮಾತನ್ನು ಕಿವಿ ಮೊದಲಿನದರಲ್ಲಿಯೇ ಬೆರೆಸಿಕೊಳ್ಳುತ್ತದೆ. ಅದನ್ನು ಮೀರಿದರೆ ಪ್ರತ್ಯೇಕವಾಗಿ ಕೇಳತೊಡಗುತ್ತದೆ. ಹುಡುಗ ಹೇಳಿದ್ದು ನಿಜವಾಗಿತ್ತು. ಉಳಿದವರು ಕಲಸಿಹೋದ ಪದವನ್ನು ಊಹಿಸಿಕೊಳ್ಳುತ್ತಿದ್ದರು. ನಮ್ಮ ಸೀಮೆಯ ನುಡಿಗೆ ಹೊಸಬನಾದ ಅವನಿಗೆ ಆ ಆಸರೆ ಇರಲಿಲ್ಲ.

ಅವನ ಊರಿನ ಗೋಳಗುಮ್ಮಟವೂ ಮಾತನ್ನು ಮರಳಿಸುತ್ತದೆ. ಅದನ್ನು ಕೇಳಿ ನಾವು ಹಿಗ್ಗುತ್ತೇವೆ. ಅಲ್ಲಿ ಒಂದು ಬದಿಯ ಪಿಸುಮಾತು ಸುಮಾರು 38 ಮೀಟರ್ ಆಚೆಯ ಎದುರುಬದಿಗೆ ಕೇಳಿಸುವುದು. ಇಂತಹ ಕಟ್ಟಡಗಳಲ್ಲಿ ಶಬ್ದವು ಬಾಗಿದ ಗೋಡೆಯನ್ನೇ ತಬ್ಬಿ ಸಾಗುವುದೆಂದು ರ್‍ಯಾಲೆ ವಿವರಿಸಿದನು. ಸರ್ ಸಿ. ವಿ. ರಾಮನ್ನರು ಗೋಳಗುಮ್ಮಟವನ್ನೂ ಪರೀಕ್ಷಿಸಿ 1922ರಲ್ಲಿ ಲೇಖನ ಪ್ರಕಟಿಸಿದರು. ಕಿರಣದ ಲೆಕ್ಕಕ್ಕೂ ಎಲ್ಲೆಯುಂಟು: 100 ಹರ್ಟ್ಸ್‌ನ ತಗ್ಗು ದನಿಯ ಅಲೆ 3.4 ಮೀಟರ್ ಉದ್ದವಾದುದರಿಂದ ಅದು ಬೆಂಚು, ಕಂಬಗಳನ್ನು ಬಳಸಿಕೊಂಡು ಹೋಗುತ್ತದೆ. ಮಾತಿನ ವ್ಯಂಜನಗಳಲ್ಲಿರುವ ಕಿರಿಯ ಅಲೆಗಳಿಗಾದರೋ ಗೆರೆಯ ಲೆಕ್ಕ ಚೆನ್ನಾಗಿ ಒಪ್ಪುತ್ತದೆ.

ಹಿಂಗೋಡೆಗೆ ಹಳೆಯ ಹತ್ತಿಯ ಹಾಸಿಗೆಗಳನ್ನು ತೂಗುಹಾಕಿದೆವು. ಉಳಿದೆಡೆ ಪುಸ್ತಕಗಳನ್ನು ಏರುತಗ್ಗಾಗಿ ಜೋಡಿಸಿದ ಕಪಾಟುಗಳನ್ನಿಟ್ಟೆವು. ಹತ್ತಿ ದನಿಯನ್ನು ಹೀರಿತು. ಕಪಾಟುಗಳು ಅದನ್ನು ಚದರಿಸಿದವು. ಮುಂದಿನ ಉಕ್ತಲೇಖನದಲ್ಲಿ ಹುಡುಗನ ಪುಟ ತುಂಬಿತ್ತು. ತರಗತಿಯ ಎದುರಿಗೆ ಆಡಿದ್ದ ಮಾತನ್ನು ತರಗತಿಯ ಎದುರಿಗೇ ಹಿಂದಕ್ಕೆ ಪಡೆದು, ತಪ್ಪು ನನ್ನದೆಂದು ಹೇಳಿದೆ.

ಅವನು ಒಮ್ಮೆ ಹಿಂತಿರುಗಿ ಹಾಸಿಗೆಗಳತ್ತ ನೋಡಿದ. “ಈಗ ಗ್ವಾಡಿ ಸುಮ್ನಾತ್ರಿ ಸರ,” ಎಂದ.