ಪರವೂರಿನಲ್ಲಿ ಕಾಯಿಲೆ ಬಿದ್ದವನ ಹೊಣೆ ಯಾರದು?

ಪುಣೆಯಿಂದ ಸೊಲ್ಲಾಪುರಕ್ಕೆ ಸಾಗುವ ಹೆದ್ದಾರಿಯಲ್ಲಿರುವ ಇಂದಾಪುರ ನಮ್ಮವರಿಗೆ ಅಪರಿಚಿತವಾದ ಊರಲ್ಲ. ಊರು ಬಿಟ್ಟು ಬಂದ ಅಡಿಗೆಯವರು, ಮಾಣಿಗಳು, ಗಲ್ಲಾದ ಬಳಿ ಕುಳಿತು ಲೆಕ್ಕ ಬರೆಯುವ ಗುಮಾಸ್ತರು ಇಂತಹ ಹೆದ್ದಾರಿಯ ಊರುಗಳಲ್ಲಿ ದುಡಿಯುವವರು. ಮೈಯಲ್ಲಿ ಶಕ್ತಿಯಿರುವ ತನಕ ಊಟಕ್ಕೂ ನಿದ್ದೆಗೂ ಹೋಟೆಲೇ ಮನೆ. ಜ್ವರ ಬಂದು ಹದಿನೈದು ದಿನ ಮಲಗಿದಾಗ ಮಾತ್ರ ಆ ಮನೆ ಯಾರದೆಂಬುದು ತಿಳಿಯುತ್ತದೆ. ಆಸ್ಪತ್ರೆಯ ವೆಚ್ಚವನ್ನು ಧಣಿ ಕೊಡಬೇಕೆ, ಊರಿನಲ್ಲಿರುವ ಅಣ್ಣ ಕಳಿಸಬೇಕೆ, ಸರ್ಕಾರ ವಹಿಸಬೇಕೆ? ಸರ್ಕಾರವೆಂಬ ಉತ್ತರ ತೀರ ಇತ್ತೀಚಿನದೆಂದು ಭಾವಿಸುವವರು ಹಲವರುಂಟು. ಅದಕ್ಕೆ ಇನ್ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅಷ್ಟೇ ಅಲ್ಲ, ಅದರ ಒಂದು ಹಳೆಯ ಅಧ್ಯಾಯ ಮನೆ ಬಿಟ್ಟು ದುಡಿಯುವವರಿಗೇ ಸಂಬಂಧಿಸಿದುದು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹೊಸ ಸರ್ಕಾರ ಬಂದು ಇನ್ನೂ ಒಂಬತ್ತು ವರ್ಷಗಳಾಗಿದ್ದುವು. 1798ರ ಜುಲೈ ತಿಂಗಳಿನಲ್ಲಿ ಅಧ್ಯಕ್ಷ ಜಾನ್ ಆಡಮ್ಸ್ ಅವರು ಹಡಗಿನ ಆಳುಗಳಿಗಾಗಿ ಒಂದು ಕಾಯಿದೆಗೆ ಸಹಿ ಹಾಕಿದರು. ಪ್ರತಿಯೊಬ್ಬ ನಾವಿಕನ ಸಂಬಳದಿಂದ ತಿಂಗಳಿಗೆ 20 ಸೆಂಟ್‌ಗಳನ್ನು ಹಡಗಿನ ಯಜಮಾನನು ಮುರಿದುಕೊಂಡು ಬಂದರಿನ ಸುಂಕದ ಅಧಿಕಾರಿಗೆ ಒಪ್ಪಿಸಬೇಕು. ಆ ಹಣದಿಂದ ಬಂದರುಗಳಲ್ಲಿ ರೋಗಿಗಳಾದ ನಾವಿಕರಿಗೆ ಔಷಧೋಪಚಾರ ನಡೆಯಬೇಕು. ಕೊಡುವುದೂ ಬಿಡುವುದೂ ನಾವಿಕನ ಇಚ್ಛೆಗೆ ಸೇರಿದ್ದಲ್ಲ. ಇಂದು ಈ ಬಂದರು, ನಾಳೆ ಆ ಬಂದರು ಎಂದು ಅಲೆಯುವವನಿಗೆ ಯಾವ ಊರೂ ತನ್ನದಲ್ಲ. ಹೆದ್ದಾರಿಯ ಹೋಟೆಲಿನಲ್ಲಿ ದುಡಿಯುವ ನಮ್ಮವನಿಗೂ ಈ ನಾವಿಕನಿಗೂ ಬಹಳ ಅಂತರವಿದೆಯೆಂದು ನಮಗೆ ತೋರುವುದಿಲ್ಲ.

ಜರ್ಮನಿಯಲ್ಲಿ ಬಿಸ್ಮಾರ್ಕನು 1883ರಲ್ಲಿ ತಂದ ಕಾಯಿಲೆ ವಿಮೆಯ ಕಾಯಿದೆಯನ್ನು ಎಲ್ಲರೂ ಉದಾಹರಿಸುತ್ತಾರೆ. ಅಲ್ಲಿ ಕಾರ್ಮಿಕನು ಮೂರರಲ್ಲಿ ಎರಡು ಪಾಲು, ಧಣಿಯು ಒಂದು ಪಾಲು ಕೊಡಬೇಕಾಗಿತ್ತು. ಸರ್ಕಾರವು ಕಡ್ಡಾಯ ಮಾಡಿತೇ ಹೊರತು ಆ ನಿಧಿಗೆ ತಾನು ಕಾಸು ಹಾಕಲಿಲ್ಲ. ಕಾಸು ಹಾಕಿದುದು ಬ್ರಿಟನ್ನು. ಲಾಯ್ಡ್ ಜಾರ್ಜರ 1911ರ ಕಾಯಿದೆಯಂತೆ ವಾರಕ್ಕೆ ಗಂಡಾಳು 4 ಪೆನ್ಸ್, ಧಣಿ 3 ಪೆನ್ಸ್, ಸರ್ಕಾರ 2 ಪೆನ್ಸ್. ಕಾಯಿಲೆ ಬಿದ್ದರೆ ವೈದ್ಯರ ಉಪಚಾರವಲ್ಲದೆ ವಾರಕ್ಕೆ 10 ಷಿಲ್ಲಿಂಗ್. ಮನೆಗೆಲಸದವರನ್ನೂ ಸೇರಿಸಿದುದರಿಂದ ದೊಡ್ಡ ಮನೆಗಳ ಗೃಹಿಣಿಯರು ಕೆರಳಿದರು. ಕೆಲಸದವಳ ಕಾರ್ಡಿಗೆ ತಾವು ಸ್ಟಾಂಪು ಅಂಟಿಸಬೇಕೆ ಎಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಸಭೆಯನ್ನೇ ಸೇರಿಸಿದರು! ಕಾಯಿದೆ ಮಾತ್ರ ನಿಂತಿತು. ಆದರೆ ಹೆಂಡತಿ ಮಕ್ಕಳಿಗೆ ಅದರಲ್ಲಿ ಚಿಕಿತ್ಸೆ ಇರಲಿಲ್ಲ; ಸಂಬಳ ಎಷ್ಟೇ ಇರಲಿ, ಬಹುತೇಕರಿಗೆ ಅದೇ ನಾಲ್ಕು ಪೆನ್ಸ್.

ಶಕ್ತಿಯನ್ನು ನೋಡದೆ ವಸೂಲು ಮಾಡಿದರೆ ಏನಾಗುವುದೆಂಬುದನ್ನು ಇಂದಾಪುರವು ಬೇರೊಂದು ರೀತಿಯಲ್ಲಿ ಕಂಡಿದೆ. 1830ರ ಸುಮಾರಿಗೆ ಪ್ರಿಂಗಲ್ ಎಂಬ ಅಧಿಕಾರಿಯು ಗೊತ್ತುಮಾಡಿದ ಭೂಕಂದಾಯವನ್ನು ತಾಳಲಾರದೆ ರೈತರು ಹೊಲಗಳನ್ನು ಬಿಟ್ಟುಹೋದರು. ಆ ಬಳಿಕ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬವರು 1835-36ರಲ್ಲಿ ಇದೇ ತಾಲೂಕಿನಿಂದ ಹೊಸ ಮೋಜಣಿಯನ್ನು ಆರಂಭಿಸಿ, ಮಣ್ಣಿನ ಗುಣ ನೋಡಿ ಹಗುರವಾದ ಕಂದಾಯವನ್ನು ಮೂವತ್ತು ವರ್ಷಗಳಿಗೆ ನಿಗದಿಗೊಳಿಸಿದರು. ವಿಮೆಯ ವಂತಿಗೆಗೂ ಈ ನ್ಯಾಯ ಸಲ್ಲಬೇಕು.

ನಮ್ಮ ದೇಶದಲ್ಲಿ ಪ್ರೊಫೆಸರ್ ಬಿ. ಪಿ. ಅದರ್ಕರರು 1944ರಲ್ಲಿ ಕೊಟ್ಟ ವರದಿಯಿಂದ 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಹುಟ್ಟಿತು. 1952ರ ಫೆಬ್ರವರಿ 24ರಂದು ಪಂಡಿತ ನೆಹರೂ ಅವರು ಕಾನ್ಪುರದಲ್ಲಿ ಯೋಜನೆಯನ್ನು ಉದ್ಘಾಟಿಸಿದರು. ಇಲ್ಲಿ ವಂತಿಗೆಯು ಸಂಬಳಕ್ಕೆ ತಕ್ಕಂತೆ. 2019ರ ಜುಲೈಯಲ್ಲಿ ನೌಕರನ ಪಾಲನ್ನು ನೂರಕ್ಕೆ 1.75ರಿಂದ 0.75ಕ್ಕೂ ಧಣಿಯ ಪಾಲನ್ನು 4.75ರಿಂದ 3.25ಕ್ಕೂ ಇಳಿಸಲಾಯಿತು. ವೈದ್ಯಕೀಯ ವೆಚ್ಚದಲ್ಲಿ ಎಂಟರಲ್ಲಿ ಒಂದು ಪಾಲು ರಾಜ್ಯ ಸರ್ಕಾರದ್ದು.

ಎಲ್ಲವೂ ಚೆನ್ನ; ಆದರೆ ಯೋಜನೆಯ ಕಣ್ಣು ಮೊದಲಿನಿಂದಲೂ ಕಾರ್ಖಾನೆಯ ಕಡೆಗೆ. ಹೋಟೆಲುಗಳು ರಾಜ್ಯಗಳ ಅಧಿಸೂಚನೆಗಳ ಮೂಲಕ ತಡವಾಗಿ ಸೇರಿದುವು. ಹೆಚ್ಚಿನ ರಾಜ್ಯಗಳಲ್ಲಿ ಹತ್ತು ಮಂದಿಯಿದ್ದರೆ ಸಾಕೆಂದಾದ ಮೇಲೂ ಮಹಾರಾಷ್ಟ್ರದಲ್ಲಿ ಬಹುಕಾಲ ಇಪ್ಪತ್ತು ಮಂದಿ ಬೇಕಾಗಿತ್ತು. ಹದಿನೈದು ಜನರ ಹೋಟೆಲಿನಲ್ಲಿ ದೋಸೆ ಹೊಯ್ಯುವವನ ರೋಗವು ಕಾಯಿದೆಯ ಲೆಕ್ಕಕ್ಕೆ ಬರಲಿಲ್ಲ. ಇದನ್ನು ನ್ಯಾಯವೆಂದು ನಾವು ಒಪ್ಪಲಾರೆವು.

ಎರಡನೆಯ ಅಡ್ಡಿ ಗಡಿಯದು. ಕರ್ನಾಟಕವು 2003ರಲ್ಲಿ ಸಹಕಾರಿ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆಯನ್ನು ಆರಂಭಿಸಿತು. ಮೊದಲಿಗೆ ವಂತಿಗೆ ತಲೆಗೆ ವರ್ಷಕ್ಕೆ 60 ರೂಪಾಯಿ. 2018ರಲ್ಲಿ ಅದು ಬೇರೊಂದು ಯೋಜನೆಯಲ್ಲಿ ಲೀನವಾಗಿ, 2022ರಲ್ಲಿ ಮರಳಿ ಬಂದಿತು. ಊರಿನ ತಂದೆತಾಯಿಗಳಿಗೆ ಅದು ಆಸರೆ, ಇಂದಾಪುರದಲ್ಲಿ ಮಲಗಿದ ಮಗನಿಗೆ ದೂರದ ಮಾತು. ಮಹಾರಾಷ್ಟ್ರ ಸರ್ಕಾರವು ತನ್ನ ಜೀವನದಾಯಿ ಯೋಜನೆಯನ್ನು 2012ರ ಜುಲೈ 2ರಂದು ಎಂಟು ಜಿಲ್ಲೆಗಳಲ್ಲಿ ತೊಡಗಿದಾಗ ಸೊಲ್ಲಾಪುರ ಸೇರಿತ್ತು, ಪುಣೆ ಸೇರಿರಲಿಲ್ಲ. ಭೀಮೆಯ ಆಚೆ ದಡದವರಿಗೆ ಇದ್ದ ಸೌಕರ್ಯಕ್ಕೆ ಈಚೆ ದಡದ ಇಂದಾಪುರ 2013ರ ನವೆಂಬರಿನ ತನಕ ಕಾಯಬೇಕಾಯಿತು. ಅದೂ ಹಳದಿ ಅಥವಾ ಕಿತ್ತಳೆ ಬಣ್ಣದ ರೇಷನ್ ಕಾರ್ಡು ಇದ್ದವರಿಗೆ. ಮಹಾತ್ಮಾ ಜ್ಯೋತಿರಾವ್ ಫುಲೆಯವರ ಹೆಸರು ಪಡೆದ ಈ ಯೋಜನೆಯನ್ನು 2024ರಲ್ಲಿ ರಾಜ್ಯದ ಎಲ್ಲ ಕುಟುಂಬಗಳಿಗೂ 5 ಲಕ್ಷ ರೂಪಾಯಿಗಳ ವರೆಗೆ ವಿಸ್ತರಿಸಲಾಯಿತಾದರೂ, ಇಲ್ಲಿಯ ನಿವಾಸಿಯೆಂಬುದಕ್ಕೆ ಕಾಗದ ಬೇಕು. ಕಾರ್ಡು ಕುಂದಾಪುರದಲ್ಲಿ, ಆಳು ಇಂದಾಪುರದಲ್ಲಿ ಎಂಬುದೇ ನಮ್ಮವರ ಪಾಡು.

ಈ ದೃಷ್ಟಿಯಿಂದ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯತ್ತ ವಾಚಕರು ಗಮನ ಕೊಡುವುದು ಅವಶ್ಯ. ಅದರಲ್ಲಿ ಎಲ್ಲ ರಾಜ್ಯಗಳಿಗೂ ಹತ್ತು ಮಂದಿಯೆಂಬ ಒಂದೇ ಅಳತೆ. ಅದಕ್ಕಿಂತ ಕಡಿಮೆ ಜನರಿದ್ದರೂ, ಧಣಿಯೂ ಬಹುಮಂದಿ ನೌಕರರೂ ಒಪ್ಪಿದರೆ ಸೇರಬಹುದು. ಆದುದರಿಂದ ಹೋಟೆಲಿನ ದಫ್ತರಿನಲ್ಲಿ ತಮ್ಮ ಹೆಸರು ಇದೆಯೆ, ವಿಮೆಯ ಸಂಖ್ಯೆ ಬಂದಿದೆಯೆ ಎಂದು ಸಂಬಳದ ದಿನವೇ ಕೇಳಿ ತಿಳಿದುಕೊಳ್ಳುವುದು ಲೇಸು. ಲೆಕ್ಕ ಬರೆಯುವ ಗುಮಾಸ್ತರು ಈ ವಿಷಯದಲ್ಲಿ ಮಾಣಿಗಳಿಗೆ ನೆರವಾಗಬಲ್ಲರು. ಕೆಲಸ ಬದಲಾದರೂ, ರಾಜ್ಯ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಹೆಂಡತಿ ಮಕ್ಕಳು ಊರಿನಲ್ಲಿದ್ದರೆ ಅವರಿಗೆ ಅಲ್ಲಿಯೇ ಚಿಕಿತ್ಸೆ ಪಡೆಯುವ ಅವಕಾಶವೂ ಉಂಟು.