ಕರುಳಿನ ಅಣುಜೀವಿಗಳೂ ರಕ್ತಪರೀಕ್ಷೆಯ ಮಿತಿಯೂ

ಉದರವ್ಯಾಧಿಗಳಲ್ಲಿ ವೈದ್ಯರನ್ನೂ ರೋಗಿಯನ್ನೂ ಸಮನಾಗಿ ಕಾಡುವ ವರ್ಗವೊಂದುಂಟು. ವರ್ಷಗಟ್ಟಲೆ ಹೊಟ್ಟೆನೋವು, ಉಬ್ಬರ. ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ. ರಕ್ತ, ಮಲ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲವನ್ನೂ ಮಾಡಿಸಿದರೂ ಕರುಳಿನಲ್ಲಿ ಹುಣ್ಣಾಗಲಿ ಗಂಟಾಗಲಿ ಕಾಣದು. ಅಂಗದ ರಚನೆ ನೆಟ್ಟಗಿದ್ದು ಕಾರ್ಯ ಮಾತ್ರ ಕೆಟ್ಟಿರುವುದರಿಂದ ಇವುಗಳಿಗೆ ಕ್ರಿಯಾತ್ಮಕ ಜೀರ್ಣಾಂಗ ವಿಕಾರಗಳೆಂದು ಹೆಸರು. ಇವುಗಳಲ್ಲಿ ಪ್ರಮುಖವಾದುದು ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಐ.ಬಿ.ಎಸ್. ಭಾರತವೂ ಸೇರಿದಂತೆ 33 ರಾಷ್ಟ್ರಗಳ 73,000ಕ್ಕೂ ಹೆಚ್ಚು ಜನರನ್ನು ವಿಚಾರಿಸಿ 2021ರಲ್ಲಿ ಪ್ರಕಟಿಸಿದ ವರದಿಯಂತೆ, ಮನೆಮನೆಗೆ ಹೋಗಿ ಕೇಳಿದವರಲ್ಲಿ ಸುಮಾರು ಐವರಲ್ಲೊಬ್ಬರಿಗೆ ಈ ವರ್ಗದ ಯಾವುದಾದರೊಂದು ವಿಕಾರವಿತ್ತು.

ನಮ್ಮ ಪಾಪಿನಾಯಕನಹಳ್ಳಿ, ಸಂಡೂರು, ಕಂಪ್ಲಿಗಳ ಸೀಮೆಯಲ್ಲಿ ಇಂತಹ ಬೇನೆಗೆ ಹೆಸರುಗಳ ಕೊರತೆಯಿಲ್ಲ. ಬಟ್ಟಿ ಸರಿದಿದೆಯೆಂದು ಹೊಟ್ಟೆ ತೀಡಿಸುವವರುಂಟು. ಗ್ರಹಣಿಯೆಂದು ಚೂರ್ಣ ಸೇವಿಸುವವರುಂಟು. ಹಳೆಯ ಆಮಶಂಕೆಯೆಂದು ಮೆಟ್ರೊನಿಡಜೋಲ್ ಗುಳಿಗೆಗಳನ್ನು ಮತ್ತೆ ಮತ್ತೆ ನುಂಗುವವರೂ ಉಂಟು. ಈ ಕೊನೆಯ ರೂಢಿಗೆ ವೈದ್ಯರೂ ಹೊಣೆ: ನಮ್ಮ ದೇಶದಲ್ಲಿ ಐ.ಬಿ.ಎಸ್. ರೋಗಿಗಳಿಗೆ ಬಹುಕಾಲ ‘ದೀರ್ಘಕಾಲಿಕ ಅಮೀಬಿಯಾಸಿಸ್’ ಎಂಬ ಚೀಟಿ ಅಂಟಿಸಲಾಗುತ್ತಿತ್ತು. ಗಣಿಗೋ ಗದ್ದೆಗೋ ದಿನಗೂಲಿಗೆ ಹೋಗುವವನಿಗೆ ಹೊಟ್ಟೆನೋವಿನ ಒಂದು ದಿನವೆಂದರೆ ಕೂಲಿ ತಪ್ಪಿದ ದಿನ. ಅದರ ಮೇಲೆ ಬೇಡದ ಪರೀಕ್ಷೆಗಳ ವೆಚ್ಚವೂ ಬಿದ್ದರೆ ಸಂಸಾರ ಸಾಲಕ್ಕೆ ಇಳಿಯುತ್ತದೆ.

ಹಾಗಾದರೆ ಕೆಟ್ಟಿರುವುದೇನು? ಉತ್ತರದ ಒಂದು ಭಾಗ ಕರುಳಿನ ಅಣುಜೀವಿಗಳಲ್ಲಿದೆ. 2016ರ ಒಂದು ಗಣನೆಯ ಪ್ರಕಾರ 70 ಕಿಲೋ ತೂಕದ ಮನುಷ್ಯನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಅವನ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಇಷ್ಟೂ ಬ್ಯಾಕ್ಟೀರಿಯಾಗಳ ತೂಕ ಕೇವಲ 200 ಗ್ರಾಂ! ಬಹುಪಾಲು ದೊಡ್ಡಕರುಳಿನಲ್ಲಿ ವಾಸಿಸುತ್ತವೆ. ಜೋಳದ ರೊಟ್ಟಿಯ, ಕಾಳುಪಲ್ಯದ ನಾರಿನಂಶವನ್ನು ನಾವು ಜೀರ್ಣಿಸಲಾರೆವು. ಅವು ಅದನ್ನು ಒಡೆದು ಬ್ಯುಟಿರೇಟ್ ಮೊದಲಾದ ಆಮ್ಲಗಳನ್ನು ಉಂಟುಮಾಡುತ್ತವೆ. ದೊಡ್ಡಕರುಳಿನ ಒಳಪೊರೆಗೆ ಅದೇ ಆಹಾರ. ಈ ಕ್ರಿಯೆಯಲ್ಲಿ ವಾಯುವೂ ಹುಟ್ಟುತ್ತದೆ. ಬ್ಯಾಕ್ಟೀರಿಯಾಗಳ ನೆರೆಯಲ್ಲಿಯೇ ಇರುವ ಬೇರೊಂದು ಕುಲದ ಅಣುಜೀವಿಗಳು ಮೀಥೇನ್ ತಯಾರಿಸುತ್ತವೆ. ಅದು ಹೆಚ್ಚಾದವರಲ್ಲಿ ಕರುಳಿನ ಚಲನೆ ನಿಧಾನವಾಗಿ ಮಲಬದ್ಧತೆ ಕಂಡುಬರುತ್ತದೆ. ಶರೀರದ ಸಿರೊಟೋನಿನ್‌ನಲ್ಲಿ ನೂರಕ್ಕೆ ತೊಂಬತ್ತರಷ್ಟು ತಯಾರಾಗುವುದೂ ಜೀರ್ಣನಾಳದಲ್ಲಿಯೇ. ಕರುಳಿನ ನರಗಳು ಈ ದ್ರವ್ಯದ ಮಾತನ್ನು ಕೇಳುತ್ತವೆ. ಮಿದುಳು ಕರುಳಿನ ಮಾತನ್ನು ಕೇಳುತ್ತದೆ. ಪರೀಕ್ಷೆಯ ದಿನ ಹೊಟ್ಟೆ ಕೆಡುವ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಣುಜೀವಿಗಳ ಪಾತ್ರಕ್ಕೆ ಬಲವಾದ ಸಾಕ್ಷ್ಯ ಕೆನಡಾದ ವಾಕರ್ಟನ್ ಪಟ್ಟಣದಿಂದ ದೊರೆಯಿತು. 2000ದ ಮೇ ತಿಂಗಳಿನಲ್ಲಿ ಭಾರಿ ಮಳೆಗೆ ದನದ ಗೊಬ್ಬರದ ನೀರು ಊರ ಬಾವಿಗೆ ಸೇರಿ 2,300ಕ್ಕೂ ಹೆಚ್ಚು ಜನ ವಾಂತಿಭೇದಿಗೆ ತುತ್ತಾದರು, ಏಳು ಮಂದಿ ಸತ್ತರು. ಎರಡು ಮೂರು ವರ್ಷಗಳ ತರುವಾಯ ವಿಚಾರಿಸಿದಾಗ, ಅಂದು ಕಾಯಿಲೆ ಬೀಳದವರಲ್ಲಿ ನೂರಕ್ಕೆ ಹತ್ತು ಮಂದಿಗೆ ಐ.ಬಿ.ಎಸ್. ಲಕ್ಷಣಗಳಿದ್ದರೆ, ಖಚಿತವಾಗಿ ಕಾಯಿಲೆ ಬಿದ್ದವರಲ್ಲಿ ಮೂವತ್ತಾರು ಮಂದಿಗೆ ಇದ್ದವು. ಸೋಂಕು ಹೋಗಿತ್ತು, ಬೇನೆ ಉಳಿದಿತ್ತು. ಕುಡಿಯುವ ನೀರು ಕೆಡುವುದು ನಮಗೆ ಅಪರಿಚಿತ ಸಂಗತಿಯಲ್ಲವಾದ್ದರಿಂದ ಈ ವೃತ್ತಾಂತ ಗಮನಾರ್ಹ.

ಇದರ ಜಾಡು ಹಿಡಿದು ಅಮೆರಿಕದ ಲಾಸ್ ಏಂಜಲೀಸಿನ ಮಾರ್ಕ್ ಪಿಮೆಂಟೆಲ್ ಮತ್ತು ಸಂಗಡಿಗರು 2015ರಲ್ಲಿ ಒಂದು ರಕ್ತಪರೀಕ್ಷೆಯನ್ನು ಮುಂದಿಟ್ಟರು. ಕ್ಯಾಂಪಿಲೋಬ್ಯಾಕ್ಟರ್ ಮುಂತಾದ ರೋಗಾಣುಗಳ ವಿಷದ ವಿರುದ್ಧ ಶರೀರ ಹುಟ್ಟಿಸಿದ ಪ್ರತಿಕಾಯಗಳು, ಕರುಳಿನ ಸ್ವಂತ ಪ್ರೋಟೀನಾದ ವಿನ್‌ಕ್ಯುಲಿನ್ ಮೇಲೂ ತಪ್ಪಿ ಎರಗುತ್ತವೆಂಬುದು ಅವರ ವಾದ. ಭೇದಿಪ್ರಧಾನ ಐ.ಬಿ.ಎಸ್.ನಲ್ಲಿ ಈ ಪ್ರತಿಕಾಯಗಳ ಪ್ರಮಾಣ ಹೆಚ್ಚಿತ್ತು. ಆದರೆ ಪರೀಕ್ಷೆ ಗುರುತಿಸಿದ್ದು ಅರ್ಧಕ್ಕಿಂತ ಕಡಮೆ ರೋಗಿಗಳನ್ನು. ಕಲ್ಪನೆ ಸೊಗಸಾಗಿದೆ, ಆದರೆ ಪ್ರತಿಕಾಯ ಕಾಣಲಿಲ್ಲವೆಂದ ಮಾತ್ರಕ್ಕೆ ರೋಗಿಗೆ ಬೇನೆಯಿಲ್ಲವೆನ್ನಲಾಗದು. ಮಲದ ಅಣುಜೀವಿಗಳ ಪಟ್ಟಿ ಮಾಡಿಕೊಡುವ ದುಬಾರಿ ಪರೀಕ್ಷೆಗಳ ಸ್ಥಿತಿಯೂ ಇಷ್ಟೇ. ಆರೋಗ್ಯವಂತ ಕರುಳಿನ ಪಟ್ಟಿ ಹೇಗಿರಬೇಕೆಂಬುದೇ ಇನ್ನೂ ಇತ್ಯರ್ಥವಾಗಿಲ್ಲ.

ಸದ್ಯಕ್ಕೆ ರಕ್ತಪರೀಕ್ಷೆಯ ನಿಜವಾದ ಉಪಯೋಗ ಬೇರೆ ರೋಗಗಳನ್ನು ಬದಿಗೆ ಸರಿಸುವುದು. ಇ.ಎಸ್.ಆರ್., ಸಿ.ಆರ್.ಪಿ.ಗಳು ಏರಿದ್ದರೆ ಉರಿಯೂತವನ್ನು, ನಮ್ಮಲ್ಲಿ ವಿಶೇಷವಾಗಿ ಕರುಳಿನ ಕ್ಷಯವನ್ನು ಶಂಕಿಸಬೇಕು. ಗೋಧಿ ಒಗ್ಗದ ಸೀಲಿಯಾಕ್ ರೋಗ ಉತ್ತರ ಭಾರತದಲ್ಲಿ ಸಾವಿರಕ್ಕೆ ಹನ್ನೆರಡು ಮಂದಿಗೂ ದಕ್ಷಿಣದಲ್ಲಿ ಒಬ್ಬರಿಗೂ ಇರುವುದಾಗಿ 2016ರ ಸಮೀಕ್ಷೆಯೊಂದು ತಿಳಿಸಿತು. ಆದ್ದರಿಂದ ದೆಹಲಿಯಲ್ಲಿ ಎಲ್ಲರಿಗೂ ಬರೆಯುವ ಪರೀಕ್ಷೆ ಇಲ್ಲಿ ಎಲ್ಲರಿಗೂ ಬೇಕಾಗದು. ಹಿಮೋಗ್ಲೋಬಿನ್ ವಿಚಾರ ಇನ್ನೂ ತೊಡಕಿನದು. ಹೊಟ್ಟೆನೋವಿನೊಡನೆ ರಕ್ತಹೀನತೆ ಇದ್ದರೆ ಅದು ಐ.ಬಿ.ಎಸ್. ಅಲ್ಲ, ಮುಂದೆ ಶೋಧಿಸಿರೆಂದು ಗ್ರಂಥಗಳು ಎಚ್ಚರಿಸುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 47.8 ಮಂದಿ ರಕ್ತಹೀನರು. ಹೀಗಿರುವಾಗ ಅಪಾಯಸೂಚಕ ಗಂಟೆ ಅರ್ಧ ಊರಿನಲ್ಲಿ ಬಾರಿಸುತ್ತಲೇ ಇರುತ್ತದೆ. ನಿಜವಾದ ಅಪಾಯದ ಸದ್ದು ಅದರಲ್ಲಿ ಅಡಗಿಹೋಗಬಹುದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ಆರಂಭವಾದ ಬೇನೆ — ಇವು ಜೊತೆಗಿದ್ದರೆ ವಿಳಂಬಿಸದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಇವಾವುವೂ ಇಲ್ಲದಿದ್ದಲ್ಲಿ ಚಿಕಿತ್ಸೆ ಸರಳವಾಗಿಯೇ ಆರಂಭವಾಗುತ್ತದೆ. ಇಸಬ್‌ಗೋಲಿನಂತಹ ನೀರಿನಲ್ಲಿ ಕರಗುವ ನಾರು ಹಲವರಿಗೆ ಹಿತ. ಒರಟು ತವುಡು ಉಬ್ಬರವನ್ನು ಹೆಚ್ಚಿಸಬಹುದು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗೋಧಿ, ಕಾಳುಗಳನ್ನು ನಾಲ್ಕಾರು ವಾರ ಬಿಟ್ಟು, ಆಮೇಲೆ ಒಂದೊಂದಾಗಿ ತಿಂದು ನೋಡಿ, ಒಗ್ಗದುದನ್ನು ಮಾತ್ರ ದೂರವಿಡುವ ಕ್ರಮವೂ ಇದೆ. ಎಲ್ಲವನ್ನೂ ಶಾಶ್ವತವಾಗಿ ಬಿಟ್ಟರೆ ಆ ಅಣುಜೀವಿಗಳಿಗೇ ಉಪವಾಸ.