ಬಾಗಿಲ ಹೊರಗಿನ ಕಣ್ಣು

ಜಗುಲಿಯ ಮನೆಗಳ ಕಾಲದಲ್ಲಿ, ಬಂದವರಾರೆಂಬುದು ಅವರು ಹೊಸ್ತಿಲನ್ನು ಮುಟ್ಟುವುದಕ್ಕೆ ಮೊದಲೇ ಮನೆಯೊಳಗೆ ತಿಳಿದುಹೋಗುತ್ತಿತ್ತು. ಎಲೆಯಡಕೆಯ ತಟ್ಟೆಯೊಡನೆ ಜಗುಲಿಯ ಮೇಲೆ ಕುಳಿತ ಹಿರಿಯರೊಬ್ಬರು ಆಗಂತುಕನ ಊರು, ಹೆಸರು, ಬಂದ ಕಾರ್ಯ, ಕೆಲವೊಮ್ಮೆ ಅವನ ತಾಯಿಯ ತೌರುಮನೆ, ಇಷ್ಟನ್ನೂ ವಿಚಾರಿಸಿದ ಮೇಲೆಯೇ ಅವನು ಒಳಗೆ ಅಡಿಯಿಡಬೇಕಾಗಿತ್ತು. ಮೂವತ್ತು ನಲವತ್ತರ ನಿವೇಶನದಲ್ಲಿ ಎದ್ದು ನಿಂತ ಇಂದಿನ ಮನೆಗೆ ಜಗುಲಿಯಿಲ್ಲ, ಹತ್ತನೆಯ ಮಹಡಿಯ ಫ್ಲಾಟಿಗೆ ಬೀದಿಯೇ ಇಲ್ಲ. ಹಗಲೆಲ್ಲ ಮುಚ್ಚಿದ ಬಾಗಿಲಿನ ಹಿಂದೆ ವೃದ್ಧ ದಂಪತಿಗಳೋ, ಶಾಲೆಯಿಂದ ಮರಳಿದ ಮಗುವೋ, ಕಂಪ್ಯೂಟರಿನ ಮುಂದೆ ಕುಳಿತ ಸೊಸೆಯೋ ಇರುತ್ತಾರೆ. ಹೊರಗೆ ಕೊರಿಯರಿನವನು, ಗ್ಯಾಸಿನವನು, ಚಂದಾ ಕೇಳುವವನು, ವಿಳಾಸ ತಪ್ಪಿದವನು ಒಬ್ಬನಾದ ಮೇಲೊಬ್ಬನು ಬಂದು ಒಂದೇ ಕಾಲಿಂಗ್ ಬೆಲ್ಲನ್ನು ಒತ್ತುತ್ತಾರೆ.

ಆ ಬೆಲ್ಲಿನ ಮೂಲತತ್ತ್ವ ಹಳೆಯದು. ಅಮೆರಿಕದ ಜೋಸೆಫ್ ಹೆನ್ರಿ ಎಂಬ ವಿಜ್ಞಾನಿಯು 1831ರಲ್ಲಿ, ಆಲ್ಬನಿ ನಗರದ ತನ್ನ ಪಾಠಶಾಲೆಯಲ್ಲಿ, ಬಹುದೂರ ಎಳೆದ ತಂತಿಯ ಮೂಲಕ ವಿದ್ಯುತ್ತನ್ನು ಹರಿಸಿ, ವಿದ್ಯುತ್ಕಾಂತದ ಬಲದಿಂದ ಗಂಟೆಯೊಂದು ಬಾರಿಸುವಂತೆ ಮಾಡಿ ತೋರಿಸಿದನು. ಆದರೆ ಗಂಟೆಯು ಯಾರೋ ಬಂದಿದ್ದಾರೆಂದು ಹೇಳೀತೇ ಹೊರತು ಬಂದವರಾರೆಂದು ಹೇಳಲಾರದು. 1990ರ ದಶಕದಲ್ಲಿ ಬೆಂಗಳೂರಿನ ಹಲವು ಬಡಾವಣೆಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದನ್ನು ಕಂಡವರು ಇಂದಿಗೂ ಅನೇಕರಿದ್ದಾರೆ. ಪರಿಚಿತರ ದನಿಯಲ್ಲಿ ಕರೆಯುವ ದೆವ್ವವೊಂದು ಆ ಬರಹವನ್ನೋದಿ ಹಿಂದಿರುಗುವುದೆಂಬುದು ಆಗಿನ ನಂಬಿಕೆ. ದೆವ್ವದ ವಿಷಯ ಹೇಗಾದರೂ ಇರಲಿ, ದನಿಯೊಂದನ್ನೇ ನಂಬಿ ಅಗುಳಿ ತೆಗೆಯಬಾರದೆಂಬ ಎಚ್ಚರಿಕೆ ಆ ವದಂತಿಯೊಳಗೆ ಅಡಗಿದ್ದಿತು. ಬಾಗಿಲಿಗೆ ಕೊರೆದು ಕೂಡಿಸುವ ಮ್ಯಾಜಿಕ್ ಐ ಈ ಕೊರತೆಯನ್ನು ಅರ್ಧ ಮಾತ್ರ ನೀಗಿಸಿತು. ಮಂಡಿನೋವಿನ ಅಜ್ಜಿ ಎದ್ದು, ನಡೆದು, ತುದಿಗಾಲಿನ ಮೇಲೆ ನಿಂತು ನೋಡುವಷ್ಟರಲ್ಲಿ ಬಂದವನು ಮೆಟ್ಟಿಲಿಳಿದು ಹೋಗಿರುತ್ತಾನೆ.

ಉಳಿದರ್ಧವನ್ನು ಪೂರೈಸಿದವಳು ಯಂತ್ರಶಾಸ್ತ್ರಜ್ಞೆಯಲ್ಲ, ಒಬ್ಬ ನರ್ಸ್. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ, ಜಮೈಕಾ ಎಂಬ ಬಡಾವಣೆಯಲ್ಲಿ ವಾಸವಾಗಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್, ತಾನೂ ತನ್ನ ಪತಿಯೂ ಹೊತ್ತಲ್ಲದ ಹೊತ್ತಿನಲ್ಲಿ ಕೆಲಸಕ್ಕೆ ಹೋಗಿಬರುವವರಾದುದರಿಂದ ಮನೆಯಲ್ಲಿ ಒಬ್ಬಳೇ ಇರಬೇಕಾದ ರಾತ್ರಿಗಳ ಭಯವನ್ನೂ, ಕರೆದರೆ ಬೇಗನೆ ಬಾರದ ಪೊಲೀಸರನ್ನೂ ಬಲ್ಲವಳಾಗಿ, ಎಲೆಕ್ಟ್ರಾನಿಕ್ ತಂತ್ರಜ್ಞನಾಗಿದ್ದ ಆ ಪತಿಯೊಡಗೂಡಿ ಒಂದು ಸಾಧನವನ್ನು ಕಲ್ಪಿಸಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಳು. 1969ರ ಡಿಸೆಂಬರಿನಲ್ಲಿ ಅದು ಮಂಜೂರಾಯಿತು. ಬಾಗಿಲಿನಲ್ಲಿ ಮೇಲಿನಿಂದ ಕೆಳಕ್ಕೆ ನಾಲ್ಕು ರಂಧ್ರಗಳು. ಎತ್ತರದವರನ್ನೂ ಮಕ್ಕಳನ್ನೂ ನೋಡಲು ಅನುವಾಗುವಂತೆ ಅವುಗಳ ಹಿಂದೆ ಏರಿಳಿಯುವ ಒಂದು ಕ್ಯಾಮೆರಾ. ಮಲಗುವ ಕೋಣೆಯಲ್ಲಿ ಚಿತ್ರವನ್ನು ತೋರುವ ಟೆಲಿವಿಷನ್ ಪರದೆ. ಬಂದವರೊಡನೆ ಮಾತನಾಡಲು ಮೈಕು. ಬೇಕಾದವರಿಗೆ ದೂರದಿಂದಲೇ ಬಾಗಿಲು ತೆರೆಯಲು ಒಂದು ಗುಂಡಿ, ಬೇಡವಾದವರು ಬಂದಾಗ ಸಹಾಯಕ್ಕೆ ಕೂಗಲು ಇನ್ನೊಂದು. ಇಂದು ಅಂಗಡಿಯಲ್ಲಿ ಮಾರುವ ವೀಡಿಯೊ ಡೋರ್‌ಬೆಲ್ಲಿನ ಮುಖ್ಯ ಗುಣಗಳೆಲ್ಲವೂ ಆ ಹಳೆಯ ಪೇಟೆಂಟ್ ಪತ್ರದಲ್ಲಿವೆ. ಒಂದು ಭೇದವನ್ನು ಮಾತ್ರ ಮರೆಯಲಾಗದು: ಆಕೆಯ ಬಾಗಿಲಿನ ಚಿತ್ರವು ಆಕೆಯ ಮಲಗುವ ಕೋಣೆಗೇ ಬಂದು ಸೇರುತ್ತಿತ್ತು, ಮೂರನೆಯವನೊಬ್ಬನ ಉಗ್ರಾಣಕ್ಕೆ ಹೋಗುತ್ತಿರಲಿಲ್ಲ.

ಬ್ರೌನ್ ದಂಪತಿಗಳಿಗೆ ಭಯವು ಪ್ರೇರಣೆಯಾಗಿದ್ದರೆ, ಅರ್ಧ ಶತಮಾನದ ತರುವಾಯ ಕ್ಯಾಲಿಫೋರ್ನಿಯಾದ ಜೇಮಿ ಸಿಮಿನಾಫ್‌ಗೆ ಪ್ರೇರಣೆಯಾದುದು ಬರಿಯ ಅನನುಕೂಲ: ಗ್ಯಾರೇಜಿನಲ್ಲಿ ಕೆಲಸ ಮಾಡುವಾಗ ಅವನಿಗೆ ಬಾಗಿಲಿನ ಗಂಟೆ ಕೇಳಿಸುತ್ತಿರಲಿಲ್ಲ. ಗಂಟೆಯನ್ನು ಮೊಬೈಲಿಗೆ ತಂದುಕೊಂಡ ಆ ಸಾಧನವನ್ನು 2013ರಲ್ಲಿ ಅಮೆರಿಕದ ಟೆಲಿವಿಷನ್ ಕಾರ್ಯಕ್ರಮವೊಂದರಲ್ಲಿ ಧನಿಕರ ಮುಂದಿಟ್ಟು ಅವನು ಬರಿಗೈಯಲ್ಲಿ ಹಿಂದಿರುಗಿದನಾದರೂ, ರಿಂಗ್ ಎಂಬ ಹೆಸರಿನಿಂದ ಬೆಳೆದ ಅದೇ ಸಂಸ್ಥೆಯನ್ನು 2018ರಲ್ಲಿ ಅಮೆಜಾನ್ ಕೊಂಡುಕೊಂಡಿತು.

ಈ ಗಂಟೆಯೊಳಗೆ ನಡೆಯುವುದೇನು? ಬ್ಯಾಟರಿಯ ಮಾದರಿಗಳಲ್ಲಿ ಕ್ಯಾಮೆರಾ ಸದಾ ಎಚ್ಚರವಾಗಿರುವುದಿಲ್ಲ. ಹಾಗಿದ್ದರೆ ಬ್ಯಾಟರಿ ಬಹಳ ಬೇಗ ಬರಿದಾದೀತು. ಎಚ್ಚರವಾಗಿರುವುದು ಪಿಐಆರ್ ಎಂಬ ಸಣ್ಣ ಸಂವೇದಕ. ಎಲ್ಲ ವಸ್ತುಗಳೂ ಹೊರಸೂಸುವ, ಕಣ್ಣಿಗೆ ಕಾಣದ ಅವಕೆಂಪು ಉಷ್ಣಕಿರಣಗಳಲ್ಲಿ ತನ್ನೆದುರು ಹಠಾತ್ತಾಗಿ ವ್ಯತ್ಯಾಸವುಂಟಾದರೆ ಅದು ಕ್ಯಾಮೆರಾವನ್ನು ಎಬ್ಬಿಸುತ್ತದೆ. ವೈಫೈ ಮೂಲಕ ಚಿತ್ರವು ಮೊಬೈಲಿಗೆ ಹೊರಡುತ್ತದೆ. ಇಷ್ಟನ್ನು ತಿಳಿದವನಿಗೆ, ಕೊಂಡವರು ಹೇಳುವ ದೂರುಗಳಲ್ಲಿ ಹೆಚ್ಚಿನವು ತಾವಾಗಿಯೇ ಅರ್ಥವಾಗುತ್ತವೆ. ಕಲಬುರಗಿ ರಾಯಚೂರುಗಳ ಬೇಸಗೆಯ ಮಧ್ಯಾಹ್ನ, ಎದುರಿನ ಗೋಡೆಯೂ ಮನುಷ್ಯನ ಮೈಯೂ ಸರಿಸುಮಾರು ಒಂದೇ ಬಿಸಿಯಲ್ಲಿರುವಾಗ, ಸಂವೇದಕಕ್ಕೆ ವ್ಯತ್ಯಾಸ ತೋರದೆ ಮನುಷ್ಯನು ಕಾಣದೆಹೋಗಬಹುದು. ಅಡ್ಡಲಾಗಿ ಹಾದುಹೋಗುವವನನ್ನು ಅದು ಬೇಗ ಗುರುತಿಸುತ್ತದೆ, ನೇರವಾಗಿ ಎದುರಿಗೆ ಬರುವವನನ್ನು ತಡವಾಗಿ. ಸಾಮಾನ್ಯ ಗಾಜು ಈ ಉಷ್ಣಕಿರಣಗಳನ್ನು ತಡೆಯುವುದರಿಂದ ಗಾಜಿನ ಹಿಂದೆ ಕೂಡಿಸಿದ ಗಂಟೆ ಕುರುಡಾಗುತ್ತದೆ. ನಮ್ಮಲ್ಲಿ ವಾಡಿಕೆಯಾದ ಗ್ರಿಲ್ ಬಾಗಿಲಿನ ಒಳಗೆ ಕೂಡಿಸಿದರೆ, ರಾತ್ರಿ ಅದು ಬೀರುವ ಅವಕೆಂಪು ಬೆಳಕು ಸರಳುಗಳಿಗೆ ತಗಲಿ ಹಿಂದಿರುಗಿ, ಮುಖದ ಬದಲು ಬಿಳಿಯ ಮಬ್ಬು ಮಾತ್ರ ಉಳಿಯುತ್ತದೆ. ಆದುದರಿಂದ ಗ್ರಿಲ್ಲಿನ ಹೊರಗೆ, ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ, ಮಲೆನಾಡು ಕರಾವಳಿಗಳಲ್ಲಾದರೆ ಮಳೆಯ ಎರಚಲು ತಾಗದ ಸೂರಿನ ಕೆಳಗೆ ಅದರ ಸ್ಥಾನ.

ಇನ್ನೊಂದು ಎಚ್ಚರಿಕೆ ವಿದ್ಯುತ್ತಿನದು. ಅಮೆರಿಕದ ಮನೆಗಳಲ್ಲಿ ಗಂಟೆಯ ತಂತಿಗೆ ಟ್ರಾನ್ಸ್‌ಫಾರ್ಮರಿನಿಂದ ಇಳಿಸಿದ 16ರಿಂದ 24 ವೋಲ್ಟ್ ಮಾತ್ರ ಬರುತ್ತದೆ. ನಮ್ಮ ಕಾಲಿಂಗ್ ಬೆಲ್ಲಿಗೆ ಸಾಮಾನ್ಯವಾಗಿ 230 ವೋಲ್ಟ್ ನೇರವಾಗಿಯೇ ಬರುತ್ತದೆ. ಅಲ್ಲಿಂದ ಬಂಧುಗಳು ಪ್ರೀತಿಯಿಂದ ಸೂಟ್‌ಕೇಸಿನಲ್ಲಿ ತಂದುಕೊಟ್ಟ ಗಂಟೆಯನ್ನು ಇಲ್ಲಿಯ ಹಳೆಯ ತಂತಿಗೆ ಹಾಗೆಯೇ ಜೋಡಿಸಿದರೆ, ಪ್ರೀತಿಯೂ ಗಂಟೆಯೂ ಏಕಕಾಲದಲ್ಲಿ ಸುಟ್ಟುಹೋದಾವು. ಕರೆಂಟು ಹೋದಾಗ ವೈಫೈ ಪೆಟ್ಟಿಗೆಯೂ ನಿಂತುಹೋಗುವುದರಿಂದ, ಅದಕ್ಕೊಂದು ಸಣ್ಣ ಯುಪಿಎಸ್ ಇಲ್ಲದ ಮನೆಯಲ್ಲಿ ಗಂಟೆಯ ಬುದ್ಧಿಯೆಲ್ಲ ವ್ಯರ್ಥ.

ಇದರಿಂದ ಕಳ್ಳತನ ನಿಲ್ಲುವುದೆ ಎಂದು ಕೇಳುವವರಿಗೆ, ಮೊದಲು ಹಿಂಬಾಗಿಲಿನ ಚಿಲಕವನ್ನು ನೋಡಿಕೊಳ್ಳಿರೆಂದು ಹೇಳುವುದೇ ಉಚಿತ. ಗಂಟೆಯು ಬೀಗವಲ್ಲ, ಮುಖ ಮುಚ್ಚಿಕೊಂಡು ಬಂದವನನ್ನು ಅದು ಗುರುತಿಸಲಾರದು. ಅದರ ನಿಜವಾದ ಉಪಕಾರವಿರುವುದು ನಿರ್ಧಾರಕ್ಕೆ ಅವಕಾಶ ಕೊಡುವುದರಲ್ಲಿ. ಮೀಟರ್ ನೋಡಲು ಬಂದೆನೆಂದವನನ್ನು ಬಾಗಿಲು ತೆರೆಯದೆಯೇ ಪ್ರಶ್ನಿಸುವ ಸ್ವಾತಂತ್ರ್ಯ ಒಂಟಿ ಹೆಂಗಸಿಗೆ ದೊರೆಯುತ್ತದೆ. ಮೈಸೂರಿನಲ್ಲಿ ತಂದೆತಾಯಿಗಳು ಮಧ್ಯಾಹ್ನದ ನಿದ್ದೆಯಲ್ಲಿರುವಾಗ ಬಂದ ಕೊರಿಯರಿನವನಿಗೆ, “ಯಾರು ಬೇಕಾಗಿತ್ತು?” ಎಂದು ಕ್ಯಾಲಿಫೋರ್ನಿಯಾದ ಮಗಳು ಉತ್ತರಿಸಬಹುದು, ಅಲ್ಲಿ ಆಗ ನಡುರಾತ್ರಿ ಕಳೆದಿರುತ್ತದೆ ಎಂಬುದನ್ನು ಮಾತ್ರ ಈ ಸಾಧನಗಳ ಜಾಹೀರಾತುಗಳು ಹೇಳುವುದಿಲ್ಲ. ಕಿವಿ ಮಂದವಾದವರಿಗೆ ಗಂಟೆಯೊಡನೆ ಬೆಳಕೂ ಮಿನುಗುವ ಏರ್ಪಾಡು, ನನ್ನ ಅಭಿಪ್ರಾಯದಲ್ಲಿ, ಉಳಿದೆಲ್ಲ ಚಮತ್ಕಾರಗಳಿಗಿಂತ ಮಿಗಿಲಾದುದು.

ಆದರೆ ಈ ಕಣ್ಣು ತೆರೆದಿರುವುದು ಹೊರಕ್ಕೆ, ಎಂದರೆ ಪರರ ಕಡೆಗೆ. 2021ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನ ನ್ಯಾಯಾಲಯವೊಂದು ನೆರೆಹೊರೆಯವರ ವ್ಯಾಜ್ಯದಲ್ಲಿ ತೀರ್ಪು ಕೊಡುವಾಗ, ಇಂತಹ ಸಾಧನಗಳು ನೋಡುವುದಕ್ಕಿಂತ ಬಹುದೂರದ ಮಾತನ್ನು ಕೇಳಿಸಿಕೊಳ್ಳುವುದು ನ್ಯಾಯಸಮ್ಮತವಲ್ಲವೆಂದು ಹೇಳಿತು. 2023ರಲ್ಲಿ ಅಮೆರಿಕದ ಸರ್ಕಾರಿ ವಾಣಿಜ್ಯ ಆಯೋಗವು, ರಿಂಗ್ ಸಂಸ್ಥೆಯ ನೌಕರರಿಗೆ ಗ್ರಾಹಕರ ಖಾಸಗಿ ವೀಡಿಯೊಗಳನ್ನು ನೋಡಲು ಎಡೆಯಿದ್ದಿತೆಂದು ಆರೋಪಿಸಲಾಗಿ, ಆ ಸಂಸ್ಥೆಯು 58 ಲಕ್ಷ ಡಾಲರು ತೆರಲು ಒಪ್ಪಿತು. ನಮ್ಮ ದೇಶದಲ್ಲಿಯೂ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರಲ್ಲಿ ಸಾರಿದುದು ಪ್ರಸಿದ್ಧವಾಗಿದೆ.

ಅಪಾರ್ಟ್‌ಮೆಂಟಿನ ಕಿರಿದಾದ ಓಣಿಯಲ್ಲಿ ಒಬ್ಬರ ಬಾಗಿಲಿನ ಕಣ್ಣಿಗೆ ಎದುರು ಮನೆಯವರ ಬರುಹೋಗುವಿಕೆಯೆಲ್ಲ ದಿನವಿಡೀ ಬೀಳುತ್ತಿರುತ್ತದೆ. ಎದುರಿನ ಬಾಗಿಲು ಬೀಳುವ ಭಾಗವನ್ನು ಚಿತ್ರದಿಂದ ಮರೆಮಾಡುವ ಸೌಲಭ್ಯ ಹಲವು ಮಾದರಿಗಳಲ್ಲಿದೆ, ಧ್ವನಿಮುದ್ರಣವನ್ನೂ ನಿಲ್ಲಿಸಿಡಬಹುದು, ಕೂಡಿಸುವುದಕ್ಕೆ ಮುಂಚೆ ಎದುರು ಮನೆಯವರಿಗೆ ಒಂದು ಮಾತು ತಿಳಿಸುವುದಕ್ಕಂತೂ ಯಾವ ಮಾದರಿಯೂ ಬೇಕಿಲ್ಲ. ಇನ್ನು ಚಿತ್ರಗಳ ಸಂಗ್ರಹ. ತಿಂಗಳು ತಿಂಗಳೂ ಚಂದಾ ಪಡೆದು ಅವನ್ನು ದೂರದ ಸರ್ವರುಗಳಲ್ಲಿ ಇಡುವ ಸಾಧನಗಳೇ ಹೆಚ್ಚಾಗಿ ಪ್ರಚಾರ ಪಡೆದಿದ್ದರೂ, ಸಾಧನದೊಳಗಿನ ಮೆಮೊರಿ ಕಾರ್ಡಿನಲ್ಲಿಯೇ ಉಳಿಸುವ ಮಾದರಿಗಳೂ ದೊರೆಯುತ್ತವೆ. ಗಂಟೆಯನ್ನೇ ಕಿತ್ತುಕೊಂಡು ಹೋದರೆ ಕಾರ್ಡೂ ಹೋಯಿತಲ್ಲ ಎಂಬ ಆಕ್ಷೇಪಣೆ ಸರಿಯಾದುದೇ. ಅದಕ್ಕಾಗಿ ಕೆಲವು ತಯಾರಕರು ಕಾರ್ಡನ್ನು ಗಂಟೆಯಲ್ಲಿಡದೆ, ನಡುಮನೆಯಲ್ಲಿ ಬಾರಿಸುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಬೆಲೆ ಸ್ವಲ್ಪ ಹೆಚ್ಚಾದರೂ ಕೊಳ್ಳುವುದಾದರೆ ನಾನು ಕೊಳ್ಳುವುದು ಅದನ್ನೇ.